ಭದ್ರದ ಬೀದಿಗೆ ಮತ್ತೆ ಕಾರು ಬರಬೇಕೆ?

ಅಹಮದಾಬಾದಿನ ತೀನ್ ದರ್ವಾಜಾಕ್ಕೆ ಹೆಸರೇ ಹೇಳುವ ಹಾಗೆ ಮೂರು ಕಮಾನು. ನಡುವಿನದು 17 ಅಡಿ ಅಗಲ, ಎಡಬಲದವು ತಲಾ 13 ಅಡಿ. ಎತ್ತರ 25 ಅಡಿ. ಹದಿನೈದನೆಯ ಶತಮಾನದಲ್ಲಿ ಸುಲ್ತಾನ್ ಅಹಮದ್ ಶಾಹ ಇದನ್ನು ಕಟ್ಟಿಸಿದಾಗ ಶಿಲ್ಪಿಗಳ ಕಣ್ಣಮುಂದೆ ಇದ್ದದ್ದು ಆನೆ, ಕುದುರೆ, ಪಲ್ಲಕ್ಕಿ. ಇವತ್ತಿನ ಕಾರಿನ ಅಗಲ ಹೆಚ್ಚುಕಡಿಮೆ ಆರಡಿ. ನಡುಗಮಾನಿನಲ್ಲಿ ಎರಡು ಕಾರು ಅಕ್ಕಪಕ್ಕ ಹೊಕ್ಕರೆ ಉಳಿಯುವುದು ಐದಡಿ. ಆ ಐದಡಿಯಲ್ಲೇ ತಲೆಯ ಮೇಲೆ ಬಟ್ಟೆಗಂಟು ಹೊತ್ತ ಕೂಲಿಯಾಳು, ಮಗುವಿನ ಕೈಹಿಡಿದ ತಾಯಿ, ಚಹಾ ಕೆಟಲ್ ಹಿಡಿದ ಹುಡುಗ ಎಲ್ಲರೂ ತೂರಬೇಕು.

ಕಮಾನಿನ ಗೋಡೆಯ ಗೂಡಿನಲ್ಲಿ ಒಂದು ದೀಪ ಉರಿಯುತ್ತದೆ. ಲಕ್ಷ್ಮಿ ಊರು ಬಿಟ್ಟು ಹೊರಟಾಗ ಕೋತ್ವಾಲ ಸಿದ್ದೀಕ್ ಎಂಬವನು ತಡೆದನಂತೆ. ‘ಸುಲ್ತಾನರ ಅಪ್ಪಣೆ ಕೇಳಿ ಬರುತ್ತೇನೆ, ಅಲ್ಲಿಯವರೆಗೆ ನಿಲ್ಲು ತಾಯಿ’ ಎಂದು ಮಾತು ತೆಗೆದುಕೊಂಡು ಹೋದವನು ತಲೆ ಕೊಟ್ಟನಂತೆ. ಅವನು ತಿರುಗಿ ಬರಲಿಲ್ಲ, ಲಕ್ಷ್ಮಿ ಜಾಗ ಬಿಟ್ಟು ಕದಲಲಿಲ್ಲ. ಆ ನೆನಪಿನ ದೀಪವನ್ನು ತಲೆಮಾರುಗಳಿಂದ ಉರಿಸಿಕೊಂಡು ಬಂದದ್ದು ಒಂದು ಮುಸ್ಲಿಂ ಮನೆತನ. ಊರಿನ ಸಂಪತ್ತು ಈ ಬಾಗಿಲ ಬಳಿಯೇ ನಿಂತಿದೆ ಎಂಬ ನಂಬಿಕೆ ವ್ಯಾಪಾರಸ್ಥರ ಊರಿಗೆ ಒಪ್ಪುವಂಥದ್ದೇ. ಹಾಗಾಗಿ ಇಲ್ಲಿ ಗಾಡಿ ಓಡಬೇಕೋ ಬೇಡವೋ ಎಂಬುದು ಸಂಚಾರ ಪೊಲೀಸರ ಪ್ರಶ್ನೆಯಷ್ಟೇ ಅಲ್ಲ. ಲಕ್ಷ್ಮಿ ಕಾಲ್ನಡಿಗೆಯಲ್ಲಿ ಬರುತ್ತಾಳೋ ಕಾರಿನಲ್ಲೋ ಎಂಬ ಪ್ರಶ್ನೆಯೂ ಹೌದು.

ಈ ಬಾಗಿಲಿನಿಂದ ಪಶ್ಚಿಮಕ್ಕೆ ಭದ್ರ ಕೋಟೆಯವರೆಗಿನ ಜಾಗ 2014ರಲ್ಲಿ ಹೊಸ ರೂಪ ಪಡೆಯಿತು. ಡಾಂಬರು ಹೋಗಿ ಕಲ್ಲುಹಾಸು ಬಂತು, ಗಾಡಿಗಳ ದಾರಿ ಮುಚ್ಚಿತು, ಬೆಂಚು ಮತ್ತು ಗಿಡಗಳು ಬಂದವು. ಕೇಂದ್ರ ಸರ್ಕಾರದ ಜವಾಹರಲಾಲ್ ನೆಹರು ನಗರ ನವೀಕರಣ ಯೋಜನೆಯ ಹಣ, ಅಹಮದಾಬಾದ್ ಮಹಾನಗರ ಪಾಲಿಕೆಯ ಉಸ್ತುವಾರಿ, ವಾಸ್ತುಶಿಲ್ಪಿ ಬಿ.ವಿ. ದೋಶಿ ಅವರ ‘ವಾಸ್ತುಶಿಲ್ಪ’ ಸಂಸ್ಥೆಯ ವಿನ್ಯಾಸ. ಹೆಸರು ಭದ್ರಾ ಪ್ಲಾಜಾ. ಮೂರು ವರ್ಷದ ಬಳಿಕ, 2017ರ ಜುಲೈನಲ್ಲಿ, ಯುನೆಸ್ಕೊ ಅಹಮದಾಬಾದಿನ ಹಳೆಯ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ ಅದು.

ಇಷ್ಟಾದರೂ ಗಾಡಿ ಬೇಕೋ ಬೇಡವೋ ಎಂಬ ಜಗಳ ಮುಗಿದಿಲ್ಲ.

ಮೈದಾನ ಇದ್ದದ್ದು ಯಾರಿಗೆ?

ಭದ್ರಕ್ಕೂ ತೀನ್ ದರ್ವಾಜಾಕ್ಕೂ ನಡುವೆ ಹಿಂದೆ ಇದ್ದದ್ದು ಮೈದಾನ್-ಎ-ಶಾಹಿ, ಅಂದರೆ ಅರಸರ ಅಂಗಳ. 1638ರಲ್ಲಿ ಬಂದ ಜರ್ಮನ್ ಪ್ರವಾಸಿ ಮ್ಯಾಂಡೆಲ್‌ಸ್ಲೊ ಇದರ ಉದ್ದ ಕನಿಷ್ಠ 1,600 ಅಡಿ, ಅಗಲ ಅದರ ಅರ್ಧ ಎಂದು ಅಂದಾಜು ಮಾಡಿದ. ಸುತ್ತ ತಾಳೆ, ಖರ್ಜೂರ, ನಡುನಡುವೆ ನಿಂಬೆ, ಕಿತ್ತಳೆ ಗಿಡಗಳ ಸಾಲು ಕಂಡದ್ದನ್ನೂ ಬರೆದಿಟ್ಟ. ಅರಸರ ಕಾಲ ಕಳೆದು ಮರಾಠರು ಬಂದರು. 1812ರಲ್ಲಿ ಮರಾಠಾ ಸುಬೇದಾರ ಚಿಮ್ನಾಜಿ ರಘುನಾಥ ಈ ಬಾಗಿಲಿನ ಮೇಲೆ ದೇವನಾಗರಿಯಲ್ಲಿ ಒಂದು ಶಾಸನ ಕೊರೆಸಿದ: ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಸಲ್ಲಬೇಕು ಎಂದು. ನಾಲ್ಕು ಜನ ಓಡಾಡುವ, ನಿಂತು ಓದುವ ಜಾಗದಲ್ಲೇ ತಾನೆ ಆಜ್ಞೆ ಕೆತ್ತಿಸುವುದು! ಆ ಶಾಸನ ಇಂದಿಗೂ ಅಲ್ಲಿದೆ. ಆದರೆ ಕಾರಿನಲ್ಲಿ ಹೋಗುವವನ ಕಣ್ಣಿಗೆ ಅದು ಬೀಳುವುದು ಕಷ್ಟ.

ಬ್ರಿಟಿಷರ ಆಳ್ವಿಕೆಯಲ್ಲಿ ಮೈದಾನ ರಸ್ತೆಯಾಯಿತು. ತೀನ್ ದರ್ವಾಜಾದಿಂದ ಪೂರ್ವಕ್ಕೆ ಹೋಗುವ ದಾರಿ ಮೊದಲು ರಿಚಿ ರೋಡ್, ಆಮೇಲೆ ಗಾಂಧಿ ರೋಡ್. ಅಲ್ಲಿ ಗಾಡಿ ಕಿಕ್ಕಿರಿದಾಗ ಅದರ ಉತ್ತರಕ್ಕೆ ಸಮಾನಾಂತರವಾಗಿ, ಹಳೆಯ ವಠಾರಗಳಾದ ಪೋಳುಗಳ ನಡುವೆ ಸೀಳಿಕೊಂಡು, ಸ್ವಾತಂತ್ರ್ಯಕ್ಕೆ ಮುಂಚಿನ ವರ್ಷಗಳಲ್ಲಿ ಇನ್ನೊಂದು ಅಗಲದ ರಸ್ತೆ ಬಂತು. ಗಾಂಧಿ ರೋಡಿನ ಭಾರ ಇಳಿಸಲು ಮಾಡಿದ ರಸ್ತೆ, ಹಾಗಾಗಿ ಜನ ಅದಕ್ಕೆ ಇಟ್ಟ ಹೆಸರು ರಿಲೀಫ್ ರೋಡ್. ದಾಖಲೆಯಲ್ಲಿ ತಿಲಕ್ ಮಾರ್ಗವಾದರೂ ಆಟೊದವರ ಬಾಯಲ್ಲಿ ಇಂದಿಗೂ ರಿಲೀಫೇ. ಸಂಜೆ ಆರಕ್ಕೆ ಅಲ್ಲಿ ಸಿಕ್ಕಿಹಾಕಿಕೊಂಡವರಿಗೆ ಆ ಹೆಸರಿನ ತಮಾಷೆ ಚೆನ್ನಾಗಿ ಗೊತ್ತಾಗುತ್ತದೆ. ಒಂದು ರಸ್ತೆ ತುಂಬಿತೆಂದು ಇನ್ನೊಂದು ಮಾಡಿದರೆ ಕೊನೆಗೆ ತುಂಬಿದ ಎರಡು ರಸ್ತೆ ಕೈಗೆ ಬರುತ್ತವೆ. ಹಳೆಯ ಅಹಮದಾಬಾದ್ ಆ ಪಾಠ ಕಲಿತು ಮುಕ್ಕಾಲು ಶತಮಾನವೇ ಆಯಿತು.

ಖಾಲಿ ಬೀದಿ ಖಾಲಿ ಉಳಿಯುವುದಿಲ್ಲ

ಭದ್ರದ ಮುಂದೆ ಗಾಡಿ ನಿಲ್ಲಿಸಿದ್ದೇನೋ ಸರಿ. ನೀರು ತಗ್ಗು ಹುಡುಕುವ ಹಾಗೆ ಖಾಲಿಯಾದ ಆ ಜಾಗವನ್ನು ಪೇಟೆ ಹುಡುಕಿಕೊಂಡು ಬಂತು. ಇದನ್ನು ತಿಳಿಯಲು ಎರಡು ಗುಜರಾತಿ ಪದ ಗೊತ್ತಿರಬೇಕು. ನೆಲದ ಮೇಲೆ ಬಟ್ಟೆ ಹಾಸಿ ಸರಕು ಹರಡುವವರು ‘ಪಾಥರಣಾವಾಳಾ’ಗಳು. ತಳ್ಳುಗಾಡಿಯವರು ‘ಲಾರಿ’ಯವರು. ಗುಜರಾತಿನಲ್ಲಿ ಲಾರಿ ಎಂದರೆ ನಾಲ್ಕು ಗಾಲಿಯ ತಳ್ಳುಗಾಡಿ. ‘ಲಾರಿಯಲ್ಲಿ ತಿಂದು ಬಂದೆ’ ಎಂದು ಅಲ್ಲಿಯ ಗೆಳೆಯ ಹೇಳಿದರೆ ಕನ್ನಡಿಗ ಬೆಚ್ಚಿಬೀಳಬೇಕಿಲ್ಲ.

ಕುರ್ತಾ, ಬಳೆ, ಚಪ್ಪಲಿ, ಹಿತ್ತಾಳೆ ಪಾತ್ರೆ, ಮಕ್ಕಳ ಉಡುಪು. ಕೋಟೆಯ ಗುಡಿಯಲ್ಲಿ ಭದ್ರಕಾಳಿಗೆ ಕೈಮುಗಿದು ಬಂದವರು ಇಲ್ಲೇ ಖರೀದಿ ಮುಗಿಸಿ, ಲಾಲ್ ದರ್ವಾಜಾದಲ್ಲಿ ಸಿಟಿ ಬಸ್ ಹತ್ತಿ ಮನೆಗೆ ಹೋಗುತ್ತಾರೆ. 1947ರಿಂದ ಓಡುತ್ತಿರುವ ನಗರ ಸಾರಿಗೆಯ ದೊಡ್ಡ ನಿಲ್ದಾಣ ಅಲ್ಲೇ ಇದೆ. ಪ್ಲಾಜಾದ ಕಾಮಗಾರಿ ನಡೆಯುವಾಗ ಎತ್ತಂಗಡಿಯಾದ ವ್ಯಾಪಾರಿಗಳು, ಮುಗಿದ ಮೇಲೆ ಯಾರಿಗೆ ಎಷ್ಟು ಜಾಗ ಎಂಬ ತಕರಾರು, ಅಂಗಡಿಯವರ ದೂರು, ಪಾಲಿಕೆಯ ತೆರವು ಎಲ್ಲವೂ ಗುಜರಾತ್ ಹೈಕೋರ್ಟಿನ ಮೆಟ್ಟಿಲು ಹತ್ತಿ ಇಳಿದಿವೆ.

ಅಂಗಡಿಯವರ ಸಂಕಟ ಸುಳ್ಳಲ್ಲ. ಬಾಡಿಗೆ, ತೆರಿಗೆ, ವಿದ್ಯುತ್ ಬಿಲ್ಲು ಕಟ್ಟಿ ಕೂತವನ ಎದುರೇ ಅದೇ ಕುರ್ತಾ ಅರ್ಧ ಬೆಲೆಗೆ ನೆಲದ ಮೇಲೆ ಬಿದ್ದಿದ್ದರೆ ಹೊಟ್ಟೆ ಉರಿಯದೆ ಇರದು. ಮದುವೆ ಜವಳಿಗೆ ಬಂದ ಕುಟುಂಬದಲ್ಲಿ ಮಂಡಿನೋವಿನ ಅಜ್ಜಿ ಇರುತ್ತಾರೆ, ಅವರನ್ನು ಅಂಗಡಿ ಬಾಗಿಲವರೆಗೆ ತರುವುದು ಹೇಗೆ? ಸಂಜೆ ಬರುವ ಮಾಲನ್ನು ಯಾವ ದಾರಿಯಲ್ಲಿ ಇಳಿಸುವುದು? ಅಗ್ನಿಶಾಮಕದ ಗಾಡಿ ಎಲ್ಲಿಂದ ನುಗ್ಗಬೇಕು? ಗಾಡಿರಹಿತ ಬೀದಿ ಎಲ್ಲೇ ಆಗಲಿ ಈ ಮೂರು ಪ್ರಶ್ನೆ ಎದ್ದೇ ಏಳುತ್ತವೆ, ಮೂರೂ ನ್ಯಾಯವಾದವು. ನಾಲ್ಕನೆಯದೊಂದು ಇದೆ: ‘ಗಿರಾಕಿ ಕಾರಿನಲ್ಲಿ ಬರುತ್ತಾನೆ, ಕಾರು ಬಿಡದಿದ್ದರೆ ಗಿರಾಕಿಯೇ ಇಲ್ಲ.’ ಇದನ್ನು ಮಾತ್ರ ಅಷ್ಟು ಸುಲಭವಾಗಿ ಒಪ್ಪಿಕೊಳ್ಳುವ ಹಾಗಿಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2006ರಲ್ಲಿ ಸಸ್ಟ್ರಾನ್ಸ್ ಸಂಸ್ಥೆ ಇದನ್ನೇ ಅಳೆಯಿತು. ನಿಮ್ಮ ಗಿರಾಕಿಗಳಲ್ಲಿ ಕಾರಿನಲ್ಲಿ ಬರುವವರೆಷ್ಟು ಎಂದು ಕೇಳಿದಾಗ ಅಂಗಡಿಯವರ ಅಂದಾಜು ಶೇ 41. ಗಿರಾಕಿಗಳನ್ನೇ ನಿಲ್ಲಿಸಿ ಕೇಳಿದಾಗ ಸಿಕ್ಕ ಉತ್ತರ ಶೇ 22. ಕಾರಿನವನು ಬಾಗಿಲ ಮುಂದೆಯೇ ಕಾಣುತ್ತಾನೆ, ‘ಪಾರ್ಕಿಂಗ್ ಇಲ್ಲವಲ್ಲ’ ಎಂದು ಜೋರಾಗಿ ಗೊಣಗುತ್ತಾನೆ. ಬಸ್ಸಿಳಿದು ನಡೆದು ಬಂದವರು ಸದ್ದಿಲ್ಲದೆ ಕೊಂಡು ಸದ್ದಿಲ್ಲದೆ ಹೋಗುತ್ತಾರೆ. ಬ್ರಿಸ್ಟಲ್‌ಗಿಂತ ಹತ್ತುಪಾಲು ಇಕ್ಕಟ್ಟಿನ, ತೀನ್ ದರ್ವಾಜಾ ಬಳಿಯ ಬಟ್ಟೆಪೇಟೆ ಧಾಲ್‌ಗರ್‌ವಾಡದಲ್ಲಿ ಯಾರಾದರೂ ಹೀಗೆ ನಿಂತು ಎಣಿಸಿದರೆ ಅಂತರ ಕಡಿಮೆಯಾಗುವುದು ಅನುಮಾನ. ಅದೂ ಅಲ್ಲದೆ 2022ರ ಅಕ್ಟೋಬರಿನಿಂದ ಹಳೆಯ ಪೇಟೆಯ ನೆಲದಡಿ ಮೆಟ್ರೊ ಓಡುತ್ತಿದೆ. ಘೀಕಾಂಟಾ ನಿಲ್ದಾಣದಿಂದ ತೀನ್ ದರ್ವಾಜಾಕ್ಕೆ ನಡೆದೇ ಬರಬಹುದು.

ಎರಡು ಬುಟ್ಟಿ ಜಾಗ, ಒಂದು ಕಾರಿನ ಜಾಗ

ತೀನ್ ದರ್ವಾಜಾ ದಾಟಿ ಸ್ವಲ್ಪ ಮುಂದೆ ಹೋದರೆ ಮಾಣೆಕ್ ಚೌಕ. ತರಕಾರಿ ಮಾರುವ ಹೆಂಗಸರನ್ನು ಪೊಲೀಸರು ಎಬ್ಬಿಸುವುದು, ಅವರು ಮತ್ತೆ ಬಂದು ಕೂರುವುದು ಇಲ್ಲಿ ದಿನದ ಆಟವಾಗಿತ್ತು. 1972ರಲ್ಲಿ ಇಳಾ ಭಟ್ ಸ್ವಂತ ದುಡಿಮೆಯ ಹೆಂಗಸರ ‘ಸೇವಾ’ ಸಂಘ ಕಟ್ಟಿದಾಗ ಈ ಮಹಿಳೆಯರೂ ಅದರ ಬೆನ್ನೆಲುಬಾದರು. ಅವರ ಬೇಡಿಕೆ ಬಹಳ ಚಿಕ್ಕದು: ಎರಡು ಬುಟ್ಟಿ ಇಡುವಷ್ಟು ಜಾಗ ಕೊಡಿ. ಮಾಣೆಕ್ ಚೌಕದ ಈ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಬೀದಿಬದಿಯ ವ್ಯಾಪಾರವೂ ಸಂವಿಧಾನ ಕೊಟ್ಟ ಉದ್ಯೋಗದ ಹಕ್ಕಿನೊಳಗೇ ಬರುತ್ತದೆ, ಅದಕ್ಕೆ ನಿಯಮ ಹಾಕಬಹುದೇ ಹೊರತು ಇಲ್ಲವಾಗಿಸುವಂತಿಲ್ಲ ಎಂದಿತು. ಭದ್ರಾ ಪ್ಲಾಜಾ ತೆರೆದ 2014ರಲ್ಲೇ ಬೀದಿ ವ್ಯಾಪಾರಿಗಳ ಕಾಯ್ದೆಯೂ ಜಾರಿಯಾಯಿತು. ಆ ಪ್ರದೇಶದ ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ಸಮೀಕ್ಷೆಯಲ್ಲಿ ಸಿಕ್ಕ ವ್ಯಾಪಾರಿಗಳಿಗೆಲ್ಲ ಜಾಗ ಕೊಡಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟಾದರೂ ವ್ಯಾಪಾರಿಗಳೇ ಇರಬೇಕು ಎಂದು ಅದು ಹೇಳುತ್ತದೆ.

ಈಗ ಒಂದು ಲೆಕ್ಕ. ನಮ್ಮ ನಗರ ಯೋಜಕರ ಮಾನದಂಡದಂತೆ ತೆರೆದ ಜಾಗದಲ್ಲಿ ಒಂದು ಕಾರು ನಿಲ್ಲಲು, ತಿರುಗಲು ಬೇಕಾದದ್ದು 23 ಚದರ ಮೀಟರ್. ಎರಡು ಬುಟ್ಟಿ, ಹಿಂದೆ ಕೂತ ಹೆಂಗಸು, ಮುಂದೆ ಕುಕ್ಕರಗಾಲಲ್ಲಿ ಕೂತ ಗಿರಾಕಿ ಎಲ್ಲ ಸೇರಿಸಿ ನಾಲ್ಕಡಿಗೆ ಆರಡಿ ಎಂದು ಇಟ್ಟುಕೊಂಡರೆ ಎರಡು ಚದರ ಮೀಟರ್ ಚಿಲ್ಲರೆ. ಒಂದು ಕಾರು ನಿಂತ ಕಡೆ ಹತ್ತು ಸಂಸಾರ ನಡೆಯುತ್ತದೆ. ಭದ್ರದ ಬೀದಿಗೆ ಕಾರು ವಾಪಸ್ ಬಂದರೆ ನಡೆಯುವವರ ಜಾಗ ಹೋಗುವುದಕ್ಕೂ ಮೊದಲು ಎದ್ದುಹೋಗುವುದು ಈ ಬುಟ್ಟಿಗಳು. ಗಾಡಿರಹಿತ ಬೀದಿಯ ಪರವಾಗಿ ಮಾತಾಡುವ ವಾಸ್ತುಶಿಲ್ಪಿಗಳೂ ಕೆಲವು ಸಲ ಇದನ್ನು ಮರೆಯುತ್ತಾರೆ. ಅವರು ಬರೆದ ಚಿತ್ರದಲ್ಲಿ ಬೆಂಚಿನ ಮೇಲೆ ಕೂತ ಅಜ್ಜ, ಬಲೂನು ಹಿಡಿದ ಮಗು ಇರುತ್ತಾರೆ. ಪ್ಲಾಸ್ಟಿಕ್ ಹಾಳೆ ಹಾಸಿ ಒಳಉಡುಪು ಮಾರುವವನು ಆ ಚಿತ್ರಕ್ಕೆ ಹೊಕ್ಕಿರುವುದಿಲ್ಲ.

ಬೆಂಗಳೂರು ಕಂಡ ವಾರಾಂತ್ಯಗಳು

ಕನ್ನಡಿಗರಿಗೆ ಈ ಗೊಂದಲ ಹೊಸದಲ್ಲ. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಮುಕ್ಕಾಲು ಕಿಲೋಮೀಟರ್ ಆಸುಪಾಸಿನ ಚರ್ಚ್ ಸ್ಟ್ರೀಟ್, ಟೆಂಡರ್‌ಶ್ಯೂರ್ ಎಂಬ ರಸ್ತೆ ಮರುವಿನ್ಯಾಸದ ಕಾಮಗಾರಿ ಮುಗಿಸಿ ಕಲ್ಲುಹಾಸಿನೊಂದಿಗೆ 2018ರ ಮಾರ್ಚ್‌ನಲ್ಲಿ ತೆರೆಯಿತು. 2020ರ ನವೆಂಬರ್ 7ರಿಂದ ನಗರ ಭೂಸಾರಿಗೆ ನಿರ್ದೇಶನಾಲಯ ಅಲ್ಲಿ ವಾರಾಂತ್ಯಕ್ಕೆ ಗಾಡಿ ಬಿಡದ ‘ಕ್ಲೀನ್ ಏರ್ ಸ್ಟ್ರೀಟ್’ ಪ್ರಯೋಗ ಮಾಡಿತು. ಗಾಳಿ ಅಳೆಯುವ ಹೊಣೆ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರದು. ಕೋವಿಡ್‌ನ ಮೊದಲ ಅಲೆ ಇಳಿದ ದಿನಗಳವು. ಪುಸ್ತಕದಂಗಡಿಯಿಂದ ಹೊರಬಂದವರು ನಡುಬೀದಿಯಲ್ಲಿ ನಿಂತು ಮಾತಾಡಿದರು, ಯಾರೋ ಗಿಟಾರ್ ನುಡಿಸಿದರು, ಮಕ್ಕಳು ಕಲ್ಲುಹಾಸಿನ ಮೇಲೆ ಓಡಿದರು. ಕೆಲವು ಅಂಗಡಿಯವರು ಖುಷಿಪಟ್ಟರು, ಕೆಲವರು ಶನಿವಾರದ ವ್ಯಾಪಾರಕ್ಕೆ ಪೆಟ್ಟೆಂದರು. 2021ರಲ್ಲಿ ಪ್ರಯೋಗ ಮುಗಿಯಿತು, ಶನಿವಾರವೂ ಕಾರುಗಳು ಮರಳಿದವು.

ಬಸವನಗುಡಿಯ ಗಾಂಧಿ ಬಜಾರಿನ ಕಥೆ ಇನ್ನೂ ಹತ್ತಿರದ್ದು. ಹೂವಿನವರು, ಗ್ರಂದಿಗೆ ಅಂಗಡಿಗಳು, ವಿದ್ಯಾರ್ಥಿ ಭವನದ ಮುಂದಿನ ದೋಸೆಯ ಸರದಿ ಇರುವ ಆ ಬೀದಿಯನ್ನು ನಡೆಯುವವರಿಗೇ ಮೀಸಲಿಡುವ ಪ್ರಸ್ತಾಪ ಬಂದಾಗ ವರ್ತಕರು ಎದ್ದು ನಿಂತರು. ಗಾಡಿ ನಿಲ್ಲಿಸುವುದೆಲ್ಲಿ, ಹಬ್ಬದ ವ್ಯಾಪಾರದ ಗತಿಯೇನು ಎಂದರು. ಕೊನೆಗೆ ಪಾದಚಾರಿ ಮಾರ್ಗ ಅಗಲವಾಯಿತು, ಗಾಡಿಗೂ ದಾರಿ ಉಳಿಯಿತು. ಇದನ್ನು ಸೋಲು ಎನ್ನುವವರಿದ್ದಾರೆ, ನ್ಯಾಯವಾದ ರಾಜಿ ಎನ್ನುವವರೂ ಇದ್ದಾರೆ.

ಚರ್ಚ್ ಸ್ಟ್ರೀಟಿನ ಪ್ರಯೋಗಕ್ಕೂ ಭದ್ರದ ಪ್ಲಾಜಾಕ್ಕೂ ಒಂದು ವ್ಯತ್ಯಾಸವಿದೆ. ಬೆಂಗಳೂರಿನಲ್ಲಿ ಬದಲಾದದ್ದು ಬೀದಿಯ ವೇಳಾಪಟ್ಟಿ. ಬ್ಯಾರಿಕೇಡ್ ಇಟ್ಟರೆ ನಡಿಗೆಯ ಬೀದಿ, ಎತ್ತಿದರೆ ಕಾರಿನ ಬೀದಿ. ಅಹಮದಾಬಾದಿನಲ್ಲಿ ಬದಲಾದದ್ದು ಬೀದಿಯ ನೆಲವೇ. ಬ್ಯಾರಿಕೇಡನ್ನು ಸೋಮವಾರ ಬೆಳಿಗ್ಗೆ ಎತ್ತಬಹುದು, ಕಲ್ಲುಹಾಸು ಕೀಳುವುದಕ್ಕೆ ಮತ್ತೊಂದು ಟೆಂಡರ್ ಬೇಕು.

ಕಲಮಜೂನಿಂದ ಕೋಪನ್‌ಹೇಗನ್‌ವರೆಗೆ

ಕಾರಿಗೆ ಮುಚ್ಚಿದ ಬೀದಿಯನ್ನು ಮತ್ತೆ ಕಾರಿಗೆ ತೆರೆದವರ ದೊಡ್ಡ ಪಟ್ಟಿ ಅಮೆರಿಕದ್ದು. 1959ರಲ್ಲಿ ಮಿಷಿಗನ್ ರಾಜ್ಯದ ಕಲಮಜೂ ಊರು ಪೇಟೆಬೀದಿಗೆ ಗಾಡಿ ನಿಲ್ಲಿಸಿ ಹುಲ್ಲು, ಗಿಡ ಹಾಕಿತು. ಆ ದೇಶದಲ್ಲಿ ಅದೇ ಮೊದಲು. ನಂತರದ ಎರಡು ದಶಕಗಳಲ್ಲಿ ಇನ್ನೂರರಷ್ಟು ಊರುಗಳು ಅದನ್ನು ನಕಲು ಮಾಡಿದವು, ಹೆಚ್ಚಿನವು ಆಮೇಲೆ ಹಿಂದೆ ಸರಿದವು. ಕಲಮಜೂ ತಾನೇ 1998ರಲ್ಲಿ ಬೀದಿಯ ಒಂದು ಭಾಗಕ್ಕೆ ಕಾರು ಬಿಟ್ಟಿತು. ಷಿಕಾಗೊ ತನ್ನ ಸ್ಟೇಟ್ ಸ್ಟ್ರೀಟನ್ನು 1979ರಲ್ಲಿ ಬಸ್ಸಿಗೂ ನಡಿಗೆಗೂ ಮೀಸಲಿಟ್ಟು 1996ರಲ್ಲಿ ಕೈಬಿಟ್ಟಿತು. ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ 1964ರ ಫುಲ್ಟನ್ ಮಾಲ್‌ನ ಕಾರಂಜಿ, ಶಿಲ್ಪಗಳ ನಡುವೆ 2017ರಲ್ಲಿ ಕಾರು ಮತ್ತೆ ಓಡಿತು.

ಫ್ರೆಸ್ನೊದ ಯೋಜನೆ ಹಾಕಿದವರು ವಿಕ್ಟರ್ ಗ್ರೂಯೆನ್. 1956ರಲ್ಲಿ ಮಿನೆಸೋಟಾದಲ್ಲಿ ನಾಲ್ಕೂ ಕಡೆ ಮುಚ್ಚಿದ, ಏಸಿ ಹಾಕಿದ ಮೊದಲ ದೊಡ್ಡ ಶಾಪಿಂಗ್ ಮಾಲ್ ಸೌತ್‌ಡೇಲ್ ಕಟ್ಟಿದವರೂ ಅವರೇ. ಊರ ಹೊರಗೆ ವಿಶಾಲ ಪಾರ್ಕಿಂಗ್ ಇರುವ ಅಂಥ ಮಾಲ್‌ಗಳು ಪೇಟೆಬೀದಿಯ ಗಿರಾಕಿಯನ್ನು ಸೆಳೆದುಕೊಂಡವು. ಅದೇ ಗ್ರೂಯೆನ್ ಪೇಟೆಬೀದಿಗೆ ಹೂಕುಂಡ ಇಟ್ಟು ಗಿರಾಕಿಯನ್ನು ಮರಳಿ ಕರೆಯಲು ನೋಡಿದರು. ಆದರೆ ಆ ಹೊತ್ತಿಗೆ ಪೇಟೆಯ ನೆತ್ತಿಯ ಮೇಲೆ ಮನೆಗಳೇ ಇರಲಿಲ್ಲ. ಸಂಜೆ ಕಚೇರಿ ಮುಚ್ಚಿದರೆ ನಡೆಯಲು ಯಾರೂ ಉಳಿಯುತ್ತಿರಲಿಲ್ಲ.

ಉಳಿದುಕೊಂಡ ಬೀದಿಗಳೂ ಉಂಟು. ವರ್ಮಾಂಟ್‌ನ ಬರ್ಲಿಂಗ್‌ಟನ್‌ನಲ್ಲಿ 1981ರಿಂದ ಗಾಡಿಯಿಲ್ಲದೆ ನಡೆಯುತ್ತಿರುವ ಬೀದಿಯ ಹೆಸರು, ಕಾಕತಾಳೀಯವಾಗಿ, ಚರ್ಚ್ ಸ್ಟ್ರೀಟ್. ಸುತ್ತ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ವರ್ಷವಿಡೀ ಜನ. ಕೋಪನ್‌ಹೇಗನ್‌ನ ಸ್ಟ್ರೋಯೆಟ್ 1962ರ ನವೆಂಬರಿನಲ್ಲಿ ಕಾರಿಗೆ ಮುಚ್ಚಿದಾಗ ಅಲ್ಲಿಯ ವರ್ತಕರೂ ಗೊಣಗಿದ್ದರು. ಚಳಿದೇಶದವರಾದ ನಾವು ಇಟಲಿಯವರ ಹಾಗೆ ಬೀದಿಯಲ್ಲಿ ಅಡ್ಡಾಡುವವರಲ್ಲ ಎಂದು. ಆರು ದಶಕ ಕಳೆದರೂ ಅದು ಊರಿನ ಅತಿ ಬೇಡಿಕೆಯ ವ್ಯಾಪಾರದ ಬೀದಿಗಳಲ್ಲಿ ಒಂದು. ಕಲಮಜೂಗೂ ಕೋಪನ್‌ಹೇಗನ್‌ಗೂ ಇದ್ದ ಅಂತರ ಮುಖ್ಯವಾಗಿ ಒಂದೇ: ಸುತ್ತಮುತ್ತ ನಡೆಯುವ ದೂರದಲ್ಲಿ ಜನ ವಾಸವಾಗಿದ್ದರೇ, ಇಲ್ಲವೇ. ಆ ಅಳತೆಯಲ್ಲಿ ನೋಡಿದರೆ ಅಹಮದಾಬಾದಿನ ಪೋಳುಗಳು ಕೋಪನ್‌ಹೇಗನ್‌ನ ಗುಂಪಿಗೇ ಸೇರುತ್ತವೆ. ಬೀದಿ ಬಿಕೋ ಎಂದು ಕಾರು ಕರೆಸಿಕೊಂಡದ್ದು ಅಮೆರಿಕ. ಭದ್ರದಲ್ಲಿ ದೂರು ಅದಕ್ಕೆ ತದ್ವಿರುದ್ಧ, ಜನ ಜಾಸ್ತಿಯಾಯಿತು ಎಂದು.

ವಡೋದರಾ, ಸೂರತ್: ಬೇರೆ ಬೇರೆ ತಲೆನೋವು

ಸಯಾಜಿರಾವ್ ಗಾಯಕವಾಡರ ವಡೋದರಾದಲ್ಲಿ ಹಳೆಯ ಪೇಟೆಯ ನಟ್ಟನಡುವೆ ಮಾಂಡವಿ. ನಾಲ್ಕು ದಿಕ್ಕಿನ ನಾಲ್ಕು ಬಾಗಿಲುಗಳಿಂದ ಬಂದ ಬೀದಿಗಳು ಅಲ್ಲಿ ಸೇರುತ್ತವೆ. ಲೆಹರೀಪುರಾ ಬಾಗಿಲಿನಿಂದ ಹೊರಬಂದರೆ ಸುರಸಾಗರ ಕೆರೆ, 1896ರ ನ್ಯಾಯಮಂದಿರ, ಪಕ್ಕದಲ್ಲಿ ಮಂಗಳ್ ಬಜಾರ್. 2018ರಲ್ಲಿ ನ್ಯಾಯಾಲಯಗಳು ಹೊಸ ಕಟ್ಟಡಕ್ಕೆ ಹೋದವು, ಕಕ್ಷಿದಾರರ ಗಲಾಟೆ ಕಡಿಮೆಯಾಯಿತು. ಮಂಗಳ್ ಬಜಾರಿನ ಗಲಾಟೆ ಕಡಿಮೆಯಾಗಲಿಲ್ಲ. ಇಲ್ಲಿಯ ಬೀದಿ ಯಾರ ಆಜ್ಞೆಯೂ ಇಲ್ಲದೆ ಅರ್ಧ ಪಾದಚಾರಿ ಬೀದಿಯಾಗಿಬಿಟ್ಟಿದೆ. ಹಬ್ಬದ ಮುಂದೆ ಇಲ್ಲಿ ಕಾರು ಹೊಗಿಸುವ ಧೈರ್ಯ ಮಾಡಿದವರು ಎರಡನೆಯ ಸಲ ಮಾಡಲಿಕ್ಕಿಲ್ಲ. ಆದರೆ ಮಾಂಡವಿ ಊರಿನ ಬಸ್ಸು, ಆಟೊ, ಸ್ಕೂಟರುಗಳ ಕೂಡುದಾರಿಯೂ ಹೌದು. ಅದನ್ನು ಮುಚ್ಚಿದರೆ ಕೋಟೆಯೊಳಗಿನ ಓಣಿಗಳು ಆ ಭಾರ ಹೊರಬೇಕು.

ಸೂರತ್‌ನ ತಲೆನೋವು ಕಾರಲ್ಲ, ಸರಕು. ರಿಂಗ್ ರೋಡಿನ ಜವಳಿ ಮಾರುಕಟ್ಟೆಗಳಿಂದ ಸೀರೆಯ ಪಾರ್ಸೆಲ್‌ಗಳು ಕೂಲಿಯಾಳುಗಳ ಬೆನ್ನಿನ ಮೇಲೆ, ಕೈಗಾಡಿಯಲ್ಲಿ, ಟೆಂಪೊದಲ್ಲಿ ಹಗಲೆಲ್ಲ ಹೊರಡುತ್ತಲೇ ಇರುತ್ತವೆ. ಚೌಟಾ ಬಜಾರಿನ ಇಕ್ಕಟ್ಟಿನಲ್ಲಿ ಸ್ಕೂಟರ್ ತಿರುಗಿಸುವುದೇ ಸಾಹಸ. ಹದಿನಾರನೆಯ ಶತಮಾನದ ಸೂರತ್ ಕೋಟೆಯ ಬಳಿಯ ಚೌಕ್ ಬಜಾರ್, ಮಸ್ಕತಿ ಆಸ್ಪತ್ರೆ ಕಡೆಯ ರಾಜಮಾರ್ಗ ಇವಕ್ಕೆ ನೆಲದಡಿಯ ಮೆಟ್ರೊ ಕಾಮಗಾರಿಯ ಬ್ಯಾರಿಕೇಡ್ ಬಂದಾಗ ಪೇಟೆಯವರಿಗೆ ಗಾಡಿಯಿಲ್ಲದ ಬೀದಿಯ ಒಂದು ವಿಕಾರ ರೂಪ ಕಂಡಿತು: ಧೂಳು, ತಗಡು, ಸುತ್ತುದಾರಿ, ಸೊರಗಿದ ವ್ಯಾಪಾರ. ಗಾಡಿ ನಿಲ್ಲಿಸುವುದು ಬೇರೆ, ನಡೆಯುವಂತೆ ಮಾಡುವುದು ಬೇರೆ ಎಂದು ವಿವರಿಸಲು ಯಾವ ತಜ್ಞರೂ ಬೇಕಾಗಿರಲಿಲ್ಲ. ಆದರೆ ಅದೇ ಮೆಟ್ರೊ ಮುಗಿದ ಮೇಲೆ ಚೌಕ್ ಬಜಾರಿನ ನೆಲ ಮೇಲೆ ಹೇಗಿರಬೇಕು ಎಂಬುದನ್ನು ಸೂರತ್ ಆಗ ಹೊಸದಾಗಿ ತೀರ್ಮಾನಿಸಬಹುದು. ಅಂಥ ಅವಕಾಶ ಹಳೆಯ ಪೇಟೆಗಳಿಗೆ ಪದೇಪದೇ ಸಿಗುವುದಿಲ್ಲ.

ಗಂಟೆ ನೋಡಿ ಬೀದಿ ಹಂಚುವುದು

ದೆಹಲಿಯ ಚಾಂದನಿ ಚೌಕ್ 2021ರ ಸೆಪ್ಟೆಂಬರಿನಲ್ಲಿ ಹೊಸ ರೂಪದಲ್ಲಿ ತೆರೆದಾಗ ಹಾಕಿದ ನಿಯಮ ಸರಳ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ಗಾಡಿ ಇಲ್ಲ, ಸೈಕಲ್ ರಿಕ್ಷಾ ಉಂಟು. ಸರಕು ರಾತ್ರಿ ಇಳಿಯಲಿ. ನಿಯಮ ಮುರಿಯುವ ಸ್ಕೂಟರುಗಳು ಅಲ್ಲೂ ಇವೆ. ಆದರೂ ಆ ಬೀದಿ ‘ಕಾರು ಬೇಕೇ ಬೇಡವೇ’ ಎಂಬ ಪ್ರಶ್ನೆಯನ್ನು ‘ಎಷ್ಟು ಗಂಟೆಗೆ?’ ಎಂದು ತಿರುಗಿಸಿ ಕೇಳಿತು.

ಅಹಮದಾಬಾದಿಗೆ ಇದನ್ನು ದೆಹಲಿಯಿಂದ ಕಲಿಯುವ ಅಗತ್ಯವಿಲ್ಲ. ಮಾಣೆಕ್ ಚೌಕ ಎಷ್ಟೋ ಕಾಲದಿಂದ ಹೀಗೆಯೇ ಬದುಕಿದೆ. ಮುಂಜಾನೆ ಅಲ್ಲಿ ಹಸುಗಳಿಗೆ ಹುಲ್ಲು ಮಾರುತ್ತಾರೆ. ಪುಣ್ಯಕ್ಕೆಂದು ಜನ ಒಂದು ಹಿಡಿ ಕೊಂಡು ತಿನ್ನಿಸಿ ಹೋಗುತ್ತಾರೆ. ಹೊತ್ತೇರಿದರೆ ಚಿನಿವಾರರ ಅಂಗಡಿಗಳು ತೆರೆದು ಚಿನ್ನ ತೂಗುತ್ತವೆ. ದೇಶದ ಎರಡನೆಯ ಹಳೆಯ ಷೇರುಪೇಟೆ 1894ರಲ್ಲಿ ಶುರುವಾದದ್ದು ಇದೇ ಚೌಕದಲ್ಲಿ. ಸಂಜೆ ಅಂಗಡಿಯ ಬಾಗಿಲು ಮುಚ್ಚುತ್ತಿದ್ದಂತೆ ಅದೇ ನೆಲದ ಮೇಲೆ ಮೇಜು, ಕುರ್ಚಿ, ಗ್ಯಾಸ್ ಒಲೆ ಬರುತ್ತವೆ. ಪಾವ್ ಭಾಜಿಯ ಅಗಲದ ಕಾವಲಿಯ ಮೇಲೆ ಬೆಣ್ಣೆ ಜಾರುತ್ತದೆ. ಪಕ್ಕದಲ್ಲಿ ‘ಗ್ವಾಲಿಯರ್ ದೋಸೆ’ ಎಂಬ ತಿಂಡಿ ಸಿದ್ಧವಾಗುತ್ತದೆ. ಉಡುಪಿಯವರು ನೋಡಿದರೆ ಇದು ನಮ್ಮ ದೋಸೆಯೇ ಎಂದು ಅನುಮಾನಪಡುವಷ್ಟು ಚೀಸ್ ಅದರ ಮೇಲೆ. ನಡುರಾತ್ರಿ ದಾಟಿದರೂ ಜನ ಕರಗುವುದಿಲ್ಲ.

ಚೌಕಕ್ಕೆ ಹೆಸರು ಕೊಟ್ಟ ಬಾಬಾ ಮಾಣೆಕ್‌ನಾಥನ ಕಥೆಯೂ ಹೀಗೆಯೇ ಇದೆ. ಅಹಮದ್ ಶಾಹನ ಕೆಲಸಗಾರರು ಕೋಟೆಗೋಡೆ ಕಟ್ಟುವಾಗ ಈತ ಹಗಲೆಲ್ಲ ಚಾಪೆ ಹೆಣೆಯುತ್ತಿದ್ದ, ರಾತ್ರಿ ಅದನ್ನು ಬಿಚ್ಚುತ್ತಿದ್ದ. ಚಾಪೆ ಬಿಚ್ಚಿದಂತೆ ಹಗಲು ಕಟ್ಟಿದ ಗೋಡೆ ಕುಸಿಯುತ್ತಿತ್ತಂತೆ. ಚೌಕದ ವ್ಯಾಪಾರಿಗಳು ದಿನವೂ ಮಾಡುವುದು ಅದನ್ನೇ, ಯಾವ ಗೋಡೆಯೂ ಬೀಳದ ಹಾಗೆ. ಹಗಲಿನ ಪೇಟೆಯನ್ನು ರಾತ್ರಿ ಬಿಚ್ಚುತ್ತಾರೆ, ರಾತ್ರಿಯದನ್ನು ಬೆಳಿಗ್ಗೆ.

ಭದ್ರಕ್ಕೂ ಇದೇ ಲೆಕ್ಕ ಹಿಡಿದರೆ ತಕರಾರು ಪೂರ್ತಿ ಕರಗದಿದ್ದರೂ ಚಿಕ್ಕದಾಗುತ್ತದೆ. ಸರಕಿನ ಟೆಂಪೊಗೆ ಬೆಳಗಿನ ಜಾವದ ಒಂದೆರಡು ಗಂಟೆ. ಮಂಡಿನೋವಿನ ಅಜ್ಜಿಗೆ ಹಗಲೆಲ್ಲ ನಿಧಾನ ಓಡುವ ಬ್ಯಾಟರಿ ಗಾಡಿ. ಅಗ್ನಿಶಾಮಕಕ್ಕೆ ಪಾಥರಣೆ ದಾಟದಂತೆ ನೆಲದ ಮೇಲೆ ಗೆರೆ ಹಾಕಿದ ದಾರಿ, ಆ ಗೆರೆ ಕಾಯುವ ಹೊಣೆ ಕಾಯ್ದೆ ಹೇಳುವ ಸಮಿತಿಯಲ್ಲಿ ಕೂತ ವ್ಯಾಪಾರಿಗಳದೇ. ಸ್ವಂತ ಕಾರಿನಲ್ಲಿ ಬರುವವರು ಹೊರಗೆ ನಿಲ್ಲಿಸಿ, ಲಾಲ್ ದರ್ವಾಜಾದಲ್ಲಿ ಬಸ್ಸಿಳಿದವರ ಜೊತೆ ಅಷ್ಟು ದೂರ ನಡೆಯಲಿ. ಇದಕ್ಕೆ ಕಲ್ಲುಹಾಸು ಕೀಳಬೇಕಿಲ್ಲ. ಬೇಕಾದದ್ದು ಒಂದು ವೇಳಾಪಟ್ಟಿ, ಅದನ್ನು ದಿನವೂ ಪಾಲಿಸುವ ಜನ.

ಭದ್ರದ ಗೋಪುರದಲ್ಲಿ ಒಂದು ಗಡಿಯಾರವಿದೆ. 1849ರಲ್ಲಿ ಲಂಡನ್ನಿನಿಂದ 8,000 ರೂಪಾಯಿಗೆ ತರಿಸಿದ್ದು. ಗೋಪುರಕ್ಕೆ ಏರಿಸಲು ಮತ್ತೆ ಮೂರು ದಶಕ ಬೇಕಾಯಿತು, 1878ರಲ್ಲಿ 2,430 ರೂಪಾಯಿ ಖರ್ಚು ಮಾಡಿ ಕೂಡಿಸಿದರು. ರಾತ್ರಿ ಅದರ ಹಿಂದೆ ಸೀಮೆಎಣ್ಣೆ ದೀಪ ಹಚ್ಚುತ್ತಿದ್ದರು, 1915ರಲ್ಲಿ ವಿದ್ಯುತ್ ಬಂತು. 1960ರ ದಶಕದಲ್ಲಿ ಮುಳ್ಳು ನಿಂತವು. ಅದರ ಕೆಳಗಿನ ಪೇಟೆ ಮಾತ್ರ ಹೊತ್ತು ತಪ್ಪಲಿಲ್ಲ. ನಸುಕಿಗೆ ಮಾಣೆಕ್ ಚೌಕದಲ್ಲಿ ಕೊನೆಯ ಕಾವಲಿ ತೊಳೆದ ನೀರು ಚರಂಡಿಗೆ ಇಳಿಯುವ ಹೊತ್ತಿಗೆ ಹುಲ್ಲಿನ ಹೊರೆ ಬಂದಿರುತ್ತದೆ. ಇತ್ತ ಭದ್ರದ ಕಲ್ಲುಹಾಸಿನ ಮೇಲೆ ಒಬ್ಬಾಕೆ ಗಂಟು ಇಳಿಸಿ, ನಿನ್ನೆಯ ಜಾಗವನ್ನೇ ಗುರುತು ಹಿಡಿದು, ಪ್ಲಾಸ್ಟಿಕ್ ಹಾಳೆಯ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹುಡುಕುತ್ತಾಳೆ.